ಆರ್‌ಎ ಫ್ಯಾಕ್ಟರ್ ನೆಗೆಟಿವ್, ಆದರೂ ಅಮ್ಮನಿಗೆ ‘ಕ್ಯಾನ್ಸರ್ ಮಾತ್ರೆ’ ಬರೆದಿದ್ದಾರೆ. ಶುರು ಮಾಡಬೇಕಾ, ಬೇಡ್ವಾ?

ತಿಪಟೂರು_ಮಗಳು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳಬೇಡಿ.

ಅಮ್ಮನಿಗೆ 54 ವರ್ಷ. ನಾಲ್ಕು ತಿಂಗಳಿಂದ ಬೆಳಗ್ಗೆ ಎದ್ದರೆ ಎರಡೂ ಕೈ ಮುಷ್ಟಿ ಕಟ್ಟಲು ಬರುವುದಿಲ್ಲ. ಬಿಸಿನೀರಿನಲ್ಲಿ ಕೈ ಅದ್ದಿಕೊಂಡು ಕೂರುತ್ತಾರೆ. ಹತ್ತು ಗಂಟೆ ಹೊತ್ತಿಗೆ ಬೆರಳು ಸಡಿಲ ಆಗುತ್ತವೆ. ಮುದ್ದೆ ಕೋಲು ಹಿಡಿಯುವುದು ಬಿಟ್ಟು ಎರಡು ತಿಂಗಳಾಯಿತು. ಈಗ ಅಪ್ಪ ತಿರುವುತ್ತಾರೆ, ನಾವು ಗಂಟು ಗಂಟು ಮುದ್ದೆ ತಿನ್ನುತ್ತಿದ್ದೇವೆ. ಹೋದ ತಿಂಗಳು ಮದುವೆ ಉಂಗುರ ಬೆರಳಲ್ಲೇ ಸಿಕ್ಕಿಕೊಂಡು, ಅಕ್ಕಸಾಲಿಗರ ಹತ್ತಿರ ಹೋಗಿ ಕತ್ತರಿಸಿ ತೆಗೆಸಿದೆವು.

ಇಲ್ಲಿನ ಡಾಕ್ಟರು ಆರ್‌ಎ ಫ್ಯಾಕ್ಟರ್ ಅನ್ನುವ ರಕ್ತದ ಟೆಸ್ಟ್ ಮಾಡಿಸಿದರು. ನೆಗೆಟಿವ್ ಬಂತು. ‘ಹಾಗಾದ್ರೆ ಏನಿಲ್ಲ, ವಯಸ್ಸಾಯ್ತಲ್ಲ’ ಅಂತ ನೋವಿನ ಮಾತ್ರೆ ಕೊಟ್ಟರು. ಕೊನೆಗೆ ಬೆಂಗಳೂರಿನಲ್ಲಿ ಒಬ್ಬ ರುಮಟಾಲಜಿಸ್ಟ್ (ಕೀಲುವಾತದ ತಜ್ಞರು) ಹತ್ತಿರ ತೋರಿಸಿದೆವು. ಅವರು ರಿಪೋರ್ಟ್ ಪಕ್ಕಕ್ಕಿಟ್ಟು, ಕೈಬೆರಳಿನ ಗೆಣ್ಣು ಒಂದೊಂದಾಗಿ ಒತ್ತಿ ನೋಡಿದರು. ‘ಇದು ರುಮಟಾಯ್ಡ್ ಆರ್ಥ್ರೈಟಿಸ್ (ಆರ್‌ಎ), ದೇಹದ ರೋಗ ತಡೆಯುವ ಶಕ್ತಿಯೇ ಕೀಲುಗಳ ಮೇಲೆ ತಿರುಗಿ ಬೀಳುವ ಕಾಯಿಲೆ’ ಅಂದರು. ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆ 10 ಮಿ.ಗ್ರಾಂ, ಜೊತೆಗೆ ಫೋಲಿಕ್ ಆಸಿಡ್ ವಿಟಮಿನ್.

ಚಿಕ್ಕಪ್ಪ ಮೊಬೈಲಿನಲ್ಲಿ ಹುಡುಕಿ ‘ಇದು ಕ್ಯಾನ್ಸರ್ ಮಾತ್ರೆ ಕಣಮ್ಮಾ’ ಅಂದುಬಿಟ್ಟರು. ಅಮ್ಮ ಮಾತ್ರೆ ಮುಟ್ಟುತ್ತಿಲ್ಲ. ಡಬ್ಬಿ ದೇವರ ಮನೆ ಗೂಡಿನಲ್ಲಿದೆ. ಟೆಸ್ಟ್ ನೆಗೆಟಿವ್ ಇದ್ದರೂ ಕಾಯಿಲೆ ಇರುತ್ತಾ? ಈ ಮಾತ್ರೆ ನಿಜವಾಗಲೂ ಬೇಕಾ?

ಮಂಡ್ಯದ_ಆಲೆಮನೆ

ಬೇಡಮ್ಮ. ನೆಗೆಟಿವ್ ಅಂದಮೇಲೆ ಯಾಕೆ ವಿಷ ನುಂಗಿಸ್ತೀರಿ? ನನ್ನ ನಾದಿನಿಗೆ ಇದೇ ಥರ ಇತ್ತು. ನಮ್ಮ ಕಡೆ ಒಬ್ಬರು ಪುಡಿ ಕೊಡುತ್ತಾರೆ, ಬೆಳಗ್ಗೆ ಸಂಜೆ ಬಿಸಿನೀರಲ್ಲಿ. ಮೂರೇ ದಿನಕ್ಕೆ ಎದ್ದು ಓಡಾಡಿದಳು. ಬೇಕಿದ್ದರೆ ವಿಳಾಸ ಕೊಡುತ್ತೇನೆ.

ಲ್ಯಾಬ್_ಹುಬ್ಬಳ್ಳಿ

ಅಲ್ರೀ, ಆರ್‌ಎ ಫ್ಯಾಕ್ಟರ್ ಅಂದ ತಕ್ಷಣ ಅದು ‘ಆರ್‌ಎ ಇದೆಯೋ ಇಲ್ಲವೋ’ ಹೇಳುವ ಟೆಸ್ಟ್ ಅಂತ ಎಲ್ಲರೂ ತಿಳಿದುಕೊಂಡಿದ್ದಾರೆ. ಹೆಸರೇ ಮೋಸ ಮಾಡುತ್ತದೆ. ನಾನು ದಿನಾ ಈ ಟೆಸ್ಟ್ ಮಾಡುವವನು.

ನಮ್ಮ ರಕ್ತದಲ್ಲಿ ರೋಗ ತಡೆಯುವ ಪ್ರತಿಕಾಯಗಳು ಇರುತ್ತವಲ್ಲ, ಅವುಗಳ ಮೇಲೆಯೇ ದೇಹ ಇನ್ನೊಂದು ಪ್ರತಿಕಾಯ ಮಾಡಿಕೊಂಡಿದ್ದರೆ ಅದು ಆರ್‌ಎ ಫ್ಯಾಕ್ಟರ್. 1940ರಲ್ಲಿ ವಾಲರ್ ಅನ್ನುವ ನಾರ್ವೆಯವರು ಇದನ್ನು ಮೊದಲು ಗುರುತಿಸಿದ್ದು. ಅಂದರೆ 80 ವರ್ಷ ದಾಟಿದ ಹಳೇ ಟೆಸ್ಟ್. ಕಾಯಿಲೆ ಇರುವ ನೂರು ಜನರಲ್ಲಿ ಇಪ್ಪತ್ತು ಮೂವತ್ತು ಜನರಿಗೆ ಇದು ನೆಗೆಟಿವ್ ಬರುತ್ತದೆ. ಉಲ್ಟಾನೂ ಇದೆ: ಕೀಲು ಚೆನ್ನಾಗಿರುವ ವಯಸ್ಸಾದವರಿಗೆ, ಹೆಪಟೈಟಿಸ್ ಸಿ ಇರುವವರಿಗೆ, ಕೆಲವು ಟಿಬಿ ರೋಗಿಗಳಿಗೆ ಪಾಸಿಟಿವ್ ಬರಬಹುದು. ಪಾಸಿಟಿವ್ ಕಾಗದ ಹಿಡಿದುಕೊಂಡು ಕೌಂಟರಿನಲ್ಲೇ ಅತ್ತವರನ್ನು ನೋಡಿದ್ದೇನೆ, ಅವರ ಕೀಲಿಗೆ ಏನೂ ಆಗಿರಲಿಲ್ಲ.

ಆಂಟಿ ಸಿಸಿಪಿ ಅಂತ ಇನ್ನೊಂದು ಪ್ರತಿಕಾಯದ ಟೆಸ್ಟ್ ಇದೆ, ಮಾಡಿಸಿದ್ದೀರಾ? ಅದು ಇದಕ್ಕಿಂತ ಹೊಸದು, 1990ರ ದಶಕದ ಕೊನೆಗೆ ನೆದರ್‌ಲೆಂಡ್ಸ್‌ನಲ್ಲಿ ತಯಾರಾಗಿದ್ದು. ಅದು ಪಾಸಿಟಿವ್ ಬಂದರೆ ಸುಳ್ಳು ಹೇಳುವುದು ಕಡಿಮೆ. ಆದರೆ ಅದೂ ನೆಗೆಟಿವ್ ಬಂದರೆ ಕಾಯಿಲೆ ಇಲ್ಲ ಅಂತಲ್ಲ. ಮೈಯೊಳಗಿನ ಉರಿಯೂತ ತೋರಿಸುವ ಇಎಸ್‌ಆರ್, ಸಿಆರ್‌ಪಿ ಎಷ್ಟಿದೆ?

ತಿಪಟೂರು_ಮಗಳು

ಸಿಸಿಪಿ ಕೂಡ ನೆಗೆಟಿವ್ ಸಾರ್. ಇಎಸ್‌ಆರ್ 62. ಸಿಆರ್‌ಪಿ ಮುಂದೆ ‘ಹೈ’ ಅಂತ ದಪ್ಪ ಅಕ್ಷರದಲ್ಲಿದೆ. ಎಕ್ಸ್‌ರೇ ನಾರ್ಮಲ್. ಅದಕ್ಕೇ ತಲೆಕೆಟ್ಟಿರುವುದು.

ಕೀಲು_ಪಿಜಿ

ನಾನು ರುಮಟಾಲಜಿ ವಿಭಾಗದಲ್ಲಿ ಕಲಿಯುತ್ತಿರುವವನು. ನಿಮ್ಮ ಅಮ್ಮನನ್ನು ನೋಡಿಲ್ಲ, ಹಾಗಾಗಿ ನಿಮ್ಮ ಡಾಕ್ಟರ ಮಾತೇ ಮೇಲು. ಆದರೆ ಅವರು ಲೆಕ್ಕ ಹಾಕಿದ್ದು ಹೇಗಿರಬಹುದು ಅಂತ ಹೇಳಬಲ್ಲೆ.

2010ರಲ್ಲಿ ಅಮೆರಿಕ ಮತ್ತು ಯುರೋಪಿನ ರುಮಟಾಲಜಿ ಸಂಘಗಳು ಸೇರಿ ಒಂದು ಅಂಕಪಟ್ಟಿ ಮಾಡಿದವು. ಒಟ್ಟು 10 ಅಂಕ, 6 ಬಂದರೆ ಆರ್‌ಎ. ಕೀಲುಗಳಿಗೆ ಹೆಚ್ಚೆಂದರೆ 5, ಆರ್‌ಎ ಫ್ಯಾಕ್ಟರ್ ಮತ್ತು ಸಿಸಿಪಿಗೆ ಸೇರಿ 3, ಇಎಸ್‌ಆರ್ ಅಥವಾ ಸಿಆರ್‌ಪಿ ಏರಿದ್ದರೆ 1, ಆರು ವಾರ ದಾಟಿದ್ದರೆ 1. ನಿಮ್ಮ ಅಮ್ಮನ ಎರಡೂ ಕೈಗಳ ಬೆರಳು, ಮಣಿಕಟ್ಟು ಸೇರಿ ಹತ್ತಕ್ಕಿಂತ ಜಾಸ್ತಿ ಕೀಲು ಊದಿದೆ ಅಂದುಕೊಳ್ಳಿ. ಅಲ್ಲಿಗೆ 5. ರಕ್ತದ ಪ್ರತಿಕಾಯಕ್ಕೆ ಸೊನ್ನೆ. ಇಎಸ್‌ಆರ್‌ಗೆ 1. ನಾಲ್ಕು ತಿಂಗಳಾಗಿದೆ, 1. ಒಟ್ಟು 7. ಎರಡೂ ಟೆಸ್ಟ್ ನೆಗೆಟಿವ್ ಇದ್ದೂ ಪಾಸ್.

ಡಾಕ್ಟರು ಗೆಣ್ಣು ಒಂದೊಂದೇ ಒತ್ತಿದ್ದು ಇದಕ್ಕೇ. ಅವರು ಎಣಿಸುತ್ತಿದ್ದರು. ಇನ್ನೊಂದು ಸೂಕ್ಷ್ಮ ಇದೆ. ಉಗುರಿನ ಹತ್ತಿರದ ಕೊನೆಯ ಗೆಣ್ಣನ್ನು ಈ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹೆಬ್ಬೆರಳಿನ ಬುಡದ ಕೀಲನ್ನೂ ಹಿಡಿಯುವುದಿಲ್ಲ. ಅವು ಸವೆತದ ಕೀಲುವಾತ, ಅಂದರೆ ಆಸ್ಟಿಯೋ ಆರ್ಥ್ರೈಟಿಸ್ ಬರುವ ಜಾಗ. ಅಜ್ಜಿಯರ ಬೆರಳ ತುದಿಯಲ್ಲಿ ಗಟ್ಟಿ ಗಂಟು ಇರುತ್ತದಲ್ಲ, ಅದು. ಆರ್‌ಎ ಊತ ಒತ್ತಿದರೆ ಮೆತ್ತಗೆ, ನೆನೆದ ಹಿಟ್ಟಿನ ಹಾಗೆ ಸಿಗುತ್ತದೆ.

ಎಕ್ಸ್‌ರೇ ನಾರ್ಮಲ್ ಇರುವುದು ಸಂತೋಷದ ವಿಷಯ. ಈ ಅಂಕಪಟ್ಟಿಗಿಂತ ಹಿಂದಿನ 1987ರ ಪಟ್ಟಿಯಲ್ಲಿ ಎಕ್ಸ್‌ರೇಯಲ್ಲಿ ಮೂಳೆ ಕೊರೆದಿರುವುದೂ ಒಂದು ಗುರುತಾಗಿತ್ತು. ಆ ಪಟ್ಟಿ ಮಾಡಿದ್ದೇ ಬಹಳ ವರ್ಷದಿಂದ ಕಾಯಿಲೆ ಇದ್ದವರನ್ನು ನೋಡಿ. ಅಷ್ಟು ಹೊತ್ತಿಗೆ ಮೂಳೆ ಹೋಗಿರುತ್ತದೆ, ಮತ್ತೆ ಬೆಳೆಯುವುದಿಲ್ಲ.

ಒಂದು ಕೇಳಬೇಕು. ಇದು ಶುರುವಾಗುವ ಮುಂಚೆ ಅಮ್ಮನಿಗೆ ಜ್ವರ ಬಂದಿತ್ತಾ? 2006ರಲ್ಲಿ ನಮ್ಮ ರಾಜ್ಯದಲ್ಲಿ ಚಿಕುನ್‌ಗುನ್ಯಾ ಬಂದಾಗ ಎಷ್ಟೋ ಜನರ ಕೀಲು ತಿಂಗಳುಗಟ್ಟಲೆ ಹೀಗೇ ಹಿಡಿದುಕೊಂಡಿತ್ತು. ಇದು ಅದಲ್ಲ ಅಂತ ಮೊದಲು ಖಚಿತ ಮಾಡಿಕೊಳ್ಳಬೇಕು.

ತಿಪಟೂರು_ಮಗಳು

ಜ್ವರ ಇರಲಿಲ್ಲ ಡಾಕ್ಟ್ರೇ. ಅವರೂ ಅದನ್ನೇ ಕೇಳಿದರು, ಆ ಟೆಸ್ಟೂ ಮಾಡಿಸಿದರು.

ಸಾಗರ_ಅಡಿಕೆ

ವಿಷಯಾಂತರ ಅಂದುಕೊಳ್ಳಬೇಡಿ. ಹೆಸರು ಮೋಸ ಮಾಡುತ್ತದೆ ಅಂದರಲ್ಲ, ನಮ್ಮ ತಾಲೂಕಿನ ಕತೆ ನೆನಪಾಯಿತು. 1970ರ ದಶಕದಲ್ಲಿ ಸಾಗರದ ಹತ್ತಿರದ ಹಂದಿಗೋಡಿನಲ್ಲಿ ಕೀಲು, ಸೊಂಟ ಹಿಡಿದು ನಡೆಯಲಾಗದ ಜನ ಒಂದೇ ಊರಿನಲ್ಲಿ ಬಹಳ ಇದ್ದಾರೆ ಅಂತ ಗೊತ್ತಾಯಿತು. ಗದ್ದೆಗೆ ಹೊಡೆದ ಔಷಧಿ, ಆ ಗದ್ದೆಯ ಏಡಿ ತಿಂದದ್ದು ಕಾರಣ ಅಂತ ಮೊದಲು ಅನುಮಾನ. ವಿಜ್ಞಾನಿಗಳು 1977ರಲ್ಲಿ ಬರೆದಾಗ ‘ಮಲೆನಾಡಿನ ಕೌಟುಂಬಿಕ ಆರ್ಥ್ರೈಟಿಸ್’ ಎಂಬರ್ಥದ ಹೆಸರು ಕೊಟ್ಟರು. ಆಮೇಲೆ 1990ರ ದಶಕದಲ್ಲಿ ಮನೆಮನೆಯ ವಂಶಾವಳಿ ಬರೆದು, ಎಕ್ಸ್‌ರೇ ತೆಗೆದು ನೋಡಿದರೆ ಅದು ಆರ್ಥ್ರೈಟಿಸ್ ಆಗಿರಲೇ ಇಲ್ಲ. ಮೂಳೆಯ ಬೆಳವಣಿಗೆಯೇ ತಪ್ಪುವ, ತಂದೆ ತಾಯಿಯಿಂದ ಬರುವ ತೊಂದರೆ. ಹೆಸರು ಸರಿಹೋಯಿತು. ಕೋಲು ಊರುವವರು ಊರುತ್ತಲೇ ಇದ್ದಾರೆ.

ಹತ್ತೊಂಬತ್ತು_ವರ್ಷ

ತಿಪಟೂರಿನವರೇ, ನನಗೆ ಈ ಕಾಯಿಲೆ ಬಂದು 19 ವರ್ಷ. ಮೊದಲ ಮೂರು ವರ್ಷ ನಾನು ಮಾಡಿದ್ದನ್ನು ಹೇಳುತ್ತೇನೆ, ಸುಮ್ನೆ ಓದಿ.

ನನಗೂ ಪುಡಿ ಸಿಕ್ಕಿತ್ತು. ಕಾಗದದ ಪೊಟ್ಟಣ, ಕಂದು ಬಣ್ಣ, ಶುಂಠಿ ವಾಸನೆ. ಮೂರನೇ ದಿನಕ್ಕೆ ನೋವು ಮಾಯ. ಕೊಟ್ಟವರಿಗೆ ಕೈ ಮುಗಿದೆ, ನಾಲ್ಕು ಜನಕ್ಕೆ ವಿಳಾಸವನ್ನೂ ಕೊಟ್ಟೆ. ಅದು ಇವತ್ತಿಗೂ ಕಾಡುತ್ತದೆ. ಆರು ತಿಂಗಳಲ್ಲಿ ಮುಖ ಹಲಸಿನ ಹಣ್ಣಿನ ಹಾಗೆ ದುಂಡಗಾಯಿತು. ‘ಮೈ ಹಿಡಿದೀಯಾ’ ಅಂತ ನೆಂಟರು ಖುಷಿಪಟ್ಟರು. ಶುಗರ್ ಬಂತು. ಎರಡು ದಿನ ಪುಡಿ ತಪ್ಪಿದರೆ ಮಂಚ ಬಿಟ್ಟು ಏಳಲು ಆಗುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಮುಖ ನೋಡಿದ ಕೂಡಲೇ ಕೇಳಿದರು: ‘ಎಷ್ಟು ದಿನದಿಂದ ಸ್ಟೀರಾಯ್ಡ್ ತಗೋತಿದ್ದೀರಿ?’ ನಾನು ‘ಬರೀ ಗಿಡಮೂಲಿಕೆ’ ಅಂದೆ. ಅವರು ನಗಲಿಲ್ಲ.

ಆ ಮೂರು ವರ್ಷದಲ್ಲಿ ನೋವು ಇರಲಿಲ್ಲ, ಆದರೆ ಒಳಗೆ ಮೂಳೆ ಸವೆಯುತ್ತಲೇ ಇತ್ತು. ಬಲಗೈ ನಾಲ್ಕು ಬೆರಳು ಈಗ ಕಿರುಬೆರಳಿನ ಕಡೆಗೆ ವಾಲಿಕೊಂಡಿವೆ. ಲೋಟ ಎರಡು ಕೈಯಲ್ಲಿ ಹಿಡಿಯುತ್ತೇನೆ. ಆಮೇಲಿನ 16 ವರ್ಷ ಮೆಥೊಟ್ರೆಕ್ಸೇಟಿನಲ್ಲಿದ್ದೇನೆ. ಎಡಗೈ ಹಾಗೇ ಉಳಿದಿದೆ.

ಮಾತ್ರೆಯ ವಿಷಯ: ವಾರಕ್ಕೆ ಒಂದೇ ದಿನ. ಇದರಲ್ಲಿ ತಪ್ಪಬಾರದು. ಒಮ್ಮೆ ಒಂದು ಔಷಧಿ ಅಂಗಡಿಯಲ್ಲಿ ಕವರಿನ ಮೇಲೆ ‘ದಿನಕ್ಕೊಂದು’ ಅಂತ ಬರೆದುಕೊಟ್ಟಿದ್ದರು, ಮಗ ನೋಡಿದ್ದಕ್ಕೆ ಬಚಾವ್. ದಿನಾ ನುಂಗಿದರೆ ಬಾಯಿ ಹುಣ್ಣಾಗಿ, ರಕ್ತದ ಕಣ ಕುಸಿದು ಜೀವಕ್ಕೇ ಬರುತ್ತದೆ. ನಾನು ಭಾನುವಾರ ಮಾತ್ರೆ ನುಂಗಿ, ಕ್ಯಾಲೆಂಡರಿನ ಆ ಮನೆಗೆ ಒಂದು ಹಣೆಬೊಟ್ಟು ಅಂಟಿಸುತ್ತೇನೆ. ಬೊಟ್ಟು ಇದ್ದರೆ ಆಯಿತು, ಮತ್ತೆ ಡಬ್ಬಿ ಮುಟ್ಟುವ ಹಾಗಿಲ್ಲ. ಮಾರನೇ ದಿನ ಸ್ವಲ್ಪ ಹೊಟ್ಟೆ ತೊಳಸುತ್ತದೆ, ಅದಕ್ಕೇ ಫೋಲಿಕ್ ಆಸಿಡ್. ಡಾಕ್ಟರು ಹೇಳಿದಾಗ ಲಿವರ್, ಕಿಡ್ನಿ, ರಕ್ತದ ಟೆಸ್ಟ್ ಮಾಡಿಸಿ. ಮೊದಲ ತಿಂಗಳು ಏನೂ ಅನ್ನಿಸುವುದಿಲ್ಲ. ಆರರಿಂದ ಹನ್ನೆರಡು ವಾರ ಬೇಕು. ‘ಕೆಲಸ ಮಾಡ್ತಿಲ್ಲ’ ಅಂತ ಬಿಡಬೇಡಿ.

ಮಂಡ್ಯದ_ಆಲೆಮನೆ

ನಾನು ಹೇಳಿದವರು ಅಂಥವರಲ್ಲ. ಅವರ ತಾತನ ಕಾಲದಿಂದ ಕೊಡುತ್ತಿದ್ದಾರೆ. ಆದರೂ ಒಂದು ಮಾತು: ಆ ಸ್ಟೀರಾಯ್ಡು ಇಂಗ್ಲಿಷ್ ಔಷಧಿಯವರದ್ದೇ ತಾನೇ?

ಕೀಲು_ಪಿಜಿ

ಹೌದು ಸಾರ್, ನಮ್ಮವರದ್ದೇ. 1948ರ ಸೆಪ್ಟೆಂಬರಿನಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಎನ್ನುವ ಡಾಕ್ಟರು ಹಾಸಿಗೆ ಹಿಡಿದಿದ್ದ ಒಬ್ಬ ಹೆಣ್ಣುಮಗಳಿಗೆ ಮೊದಲ ಬಾರಿ ಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಚುಚ್ಚಿದರು. ಕೆಲವೇ ದಿನದಲ್ಲಿ ಆಕೆ ಎದ್ದು ನಡೆದಳು. ಎರಡೇ ವರ್ಷಕ್ಕೆ, 1950ರಲ್ಲಿ, ನೊಬೆಲ್ ಬಂತು. ನಿಮ್ಮ ನಾದಿನಿ ಮೂರು ದಿನಕ್ಕೆ ಎದ್ದು ಓಡಾಡಿದರು ಅಂದಿರಲ್ಲ, ನನಗೆ ಭಯ ಆಗಿದ್ದು ಅದಕ್ಕೇ. ಇಷ್ಟು ಬೇಗ ಆರ್‌ಎ ಊತ ಇಳಿಸುವ ಬೇರೆ ಪುಡಿ ನನಗಂತೂ ಗೊತ್ತಿಲ್ಲ. ಕಾರ್ಟಿಸೋನಿನ ಸಂಭ್ರಮವೂ ಹೆಚ್ಚು ದಿನ ಉಳಿಯಲಿಲ್ಲ. ದುಂಡು ಮುಖ, ಟೊಳ್ಳು ಮೂಳೆ, ಶುಗರ್ ಎಲ್ಲ ಹಿಂದೆಯೇ ಬಂದವು. ಈಗಲೂ ನಾವು ಕೊಡುತ್ತೇವೆ, ಕಡಿಮೆ ಪ್ರಮಾಣದಲ್ಲಿ, ಮೆಥೊಟ್ರೆಕ್ಸೇಟ್ ಹಿಡಿತಕ್ಕೆ ಬರುವವರೆಗಿನ ಕೆಲವು ವಾರ ಮಾತ್ರ.

ಬಳ್ಳಾರಿ_ಬಿಸಿಲು

‘ಕ್ಯಾನ್ಸರ್ ಮಾತ್ರೆ’ ವಿಚಾರಕ್ಕೆ ಬರುತ್ತೇನೆ, ಇದರ ಹಿಂದೆ ನಮ್ಮ ಪಕ್ಕದ ಆಂಧ್ರದವರ ಕೈ ಇದೆ. ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅಮೆರಿಕದ ಲೆಡರ್ಲೆ ಕಂಪನಿಯಲ್ಲಿ ಸಂಶೋಧನೆಯ ಮುಖ್ಯಸ್ಥರಾಗಿದ್ದರು. ಫೋಲಿಕ್ ಆಸಿಡನ್ನು ಪ್ರಯೋಗಾಲಯದಲ್ಲಿ ತಯಾರಿಸಿದ ತಂಡ ಅವರದ್ದು. ಅದಕ್ಕೆ ಅಡ್ಡ ನಿಲ್ಲುವ ಅಮಿನಾಪ್ಟರಿನ್ ತಯಾರಿಸಿದ್ದೂ ಅದೇ ತಂಡ. ಬಾಸ್ಟನ್ನಿನಲ್ಲಿ ಸಿಡ್ನಿ ಫಾರ್ಬರ್ ಅದನ್ನು ರಕ್ತದ ಕ್ಯಾನ್ಸರ್ ಇದ್ದ ಮಕ್ಕಳಿಗೆ ಕೊಟ್ಟು 1948ರಲ್ಲಿ ಫಲಿತಾಂಶ ಬರೆದರು. ಅದೇ ವರ್ಷ ಸುಬ್ಬರಾವ್ ತೀರಿಕೊಂಡರು. ಅಮಿನಾಪ್ಟರಿನ್‌ನ ತಮ್ಮನೇ ಮೆಥೊಟ್ರೆಕ್ಸೇಟ್.

1951ರಲ್ಲೇ ಗಬ್ನರ್ ಎಂಬ ಡಾಕ್ಟರು ಅಮಿನಾಪ್ಟರಿನ್ ಕೊಟ್ಟರೆ ಆರ್‌ಎ ಊತ ಇಳಿಯುತ್ತದೆ ಅಂತ ಬರೆದಿದ್ದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ, ಎಲ್ಲರ ಕಣ್ಣು ಕಾರ್ಟಿಸೋನ್ ಮೇಲೆ. ಸರಿಯಾದ ಪರೀಕ್ಷೆಗಳು ಬಂದಿದ್ದು 1985ರ ಹೊತ್ತಿಗೆ, ಅಮೆರಿಕ ಸರ್ಕಾರದ ಒಪ್ಪಿಗೆ ಸಿಕ್ಕಿದ್ದು 1988ರಲ್ಲಿ. ಮೂವತ್ತೇಳು ವರ್ಷ ಕಪಾಟಿನಲ್ಲಿ ಕೂತ ಔಷಧಿ ಇದು. ನಿಮ್ಮ ದೇವರ ಮನೆ ಗೂಡಿನಲ್ಲಿ ಮತ್ತೆ ಕೂರಿಸಬೇಡಿ!

ಪ್ರಮಾಣ ನೋಡಿ: ಕೆಲವು ಕ್ಯಾನ್ಸರಿಗೆ ಒಂದೇ ಸಲಕ್ಕೆ ಗ್ರಾಂ ಲೆಕ್ಕದಲ್ಲಿ ಹಾಕುತ್ತಾರೆ. ನಿಮ್ಮ ಅಮ್ಮನಿಗೆ ಬರೆದಿರುವುದು ವಾರಕ್ಕೆ 10 ಮಿಲಿಗ್ರಾಂ.

ಕಷಾಯ

ನಾನು ಆಯುರ್ವೇದ ಓದುತ್ತಿರುವವಳು. ಪುಡಿ ಮಾರುವವರ ಪಾಪ ನಮ್ಮ ತಲೆಗೆ ಕಟ್ಟಬೇಡಿ ದಯವಿಟ್ಟು. ಕೊಯಮತ್ತೂರಿನಲ್ಲಿ ಒಂದು ಒಳ್ಳೆಯ ಪರೀಕ್ಷೆ ನಡೆದಿತ್ತು, 2011ರಲ್ಲಿ ಪ್ರಕಟವಾಯಿತು. 43 ರೋಗಿಗಳನ್ನು ಮೂರು ಗುಂಪು ಮಾಡಿ ಒಬ್ಬರಿಗೆ ಆಯುರ್ವೇದ, ಒಬ್ಬರಿಗೆ ಮೆಥೊಟ್ರೆಕ್ಸೇಟ್, ಇನ್ನೊಬ್ಬರಿಗೆ ಎರಡೂ. ಯಾರು ಏನು ತೆಗೆದುಕೊಳ್ಳುತ್ತಿದ್ದಾರೆ ಅಂತ ರೋಗಿಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ. 36 ವಾರ ಆದಮೇಲೆ ಮೂರೂ ಗುಂಪು ಹೆಚ್ಚುಕಡಿಮೆ ಒಂದೇ ಥರ ಇತ್ತು.

ಕೀಲು_ಪಿಜಿ

@ಕಷಾಯ ಆ ಪರೀಕ್ಷೆ ನನಗೂ ಇಷ್ಟ, ಅಷ್ಟು ಕಟ್ಟುನಿಟ್ಟಾಗಿ ಮಾಡಿದ್ದು ಅಪರೂಪ. ಆದರೆ ಗುಂಪಿಗೆ ಹದಿನಾಲ್ಕು ಹದಿನೈದು ಜನ. ಅಷ್ಟು ಜನರಲ್ಲಿ ವ್ಯತ್ಯಾಸ ಇದ್ದರೂ ಕಾಣದೇ ಹೋಗಬಹುದು. ಅದು ಪೈಲಟ್, ಅಂದರೆ ಆರಂಭಿಕ ಸಣ್ಣ ಪ್ರಯೋಗ ಅಂತ ಅವರೇ ಹೇಳಿಕೊಂಡಿದ್ದರು.

ಕಷಾಯ

ಒಪ್ಪಿದೆ. ದೊಡ್ಡದು ಮಾಡಲು ದುಡ್ಡು ಕೊಡುವವರು ಬೇಕಲ್ಲ. ಅಮ್ಮನ ಮಾತ್ರೆ ನಿಲ್ಲಿಸಿ ಅಂತ ನಾನೂ ಹೇಳುತ್ತಿಲ್ಲ.

ಮೈಸೂರು_ಮಲ್ಲಿಗೆ2

ಮಧ್ಯೆ ಬಾಯಿ ಹಾಕುತ್ತಿದ್ದೇನೆ. ನಮ್ಮ ಅತ್ತೆಗೆ ಮಂಡಿ ನೋವು, ಸವೆತ ಅಂದಿದ್ದಾರೆ. ಅವರದೇ ರಕ್ತ ತೆಗೆದು ಮಂಡಿಗೆ ಚುಚ್ಚುವ ಪಿಆರ್‌ಪಿ ಮಾಡಿಸಿ ಅಂತಿದ್ದಾರೆ. ಮಾಡಿಸಬಹುದಾ?

ಕೀಲು_ಪಿಜಿ

ಅದು ಬೇರೆ ಕಾಯಿಲೆ, ಮೆಥೊಟ್ರೆಕ್ಸೇಟ್ ಕತೆ ಅಲ್ಲಿಗೆ ಹಾಕಬೇಡಿ. ಆಸ್ಟ್ರೇಲಿಯಾದಲ್ಲಿ 288 ಜನರ ಮಂಡಿಗೆ ಪಿಆರ್‌ಪಿ ಅಥವಾ ಬರೀ ಉಪ್ಪುನೀರು ಚುಚ್ಚಿ ಒಂದು ವರ್ಷ ನೋಡಿದರು. 2021ರಲ್ಲಿ ಬಂದ ಫಲಿತಾಂಶದಲ್ಲಿ ನೋವಿನಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಅತ್ತೆಗೆ ತೊಡೆಯ ಸ್ನಾಯು ಗಟ್ಟಿ ಮಾಡುವ ವ್ಯಾಯಾಮ ಕಲಿಸಿ. ತೂಕ ಜಾಸ್ತಿ ಇದ್ದರೆ ಇಳಿಸಿ. 2024ರಲ್ಲಿ 407 ಜನರ ಮೇಲೆ ನಡೆದ ಪರೀಕ್ಷೆಯಲ್ಲಿ ತೂಕ ಇಳಿಸುವ ಸೆಮಾಗ್ಲುಟೈಡ್ ಇಂಜೆಕ್ಷನ್‌ನಿಂದ ಮಂಡಿ ನೋವೂ ಚೆನ್ನಾಗಿ ಇಳಿದಿತ್ತು. ಅವರೆಲ್ಲ ತುಂಬಾ ದಪ್ಪ ಇದ್ದವರು, ಅದು ನೆನಪಿರಲಿ.

ಜಯನಗರ_ವಾಕಿಂಗ್

ನಮ್ಮಣ್ಣನಿಗೆ ಮೆಥೊಟ್ರೆಕ್ಸೇಟ್ ಸಾಲಲಿಲ್ಲ, ‘ಬಯಾಲಜಿಕ್’ ಅನ್ನುವ ಇಂಜೆಕ್ಷನ್‌ಗೆ ಹೋದರು. ನೇರವಾಗಿ ಅದನ್ನೇ ಕೊಟ್ಟರೆ ಆಗುತ್ತಿರಲಿಲ್ವಾ?

ಕೀಲು_ಪಿಜಿ

ಎಲ್ಲರಿಗೂ ಬೇಕಾಗುವುದಿಲ್ಲ. ಕೀಲಿನ ಬೆಂಕಿಗೆ ತುಪ್ಪ ಸುರಿಯುವ ಟಿಎನ್‌ಎಫ್ ಎಂಬ ವಸ್ತುವನ್ನು ಇಂಥ ಇಂಜೆಕ್ಷನ್‌ನಿಂದ ತಡೆಯಬಹುದು ಅಂತ ತೋರಿಸಿದವರು ಲಂಡನ್ನಿನ ಮಾರ್ಕ್ ಫೆಲ್ಡ್‌ಮನ್ ಮತ್ತು ಲುಧಿಯಾನಾದಲ್ಲಿ ಹುಟ್ಟಿದ ರವೀಂದರ್ ಮೈನಿ. 1992ರಲ್ಲಿ ಮೊದಲ 20 ಜನರಿಗೆ ಕೊಟ್ಟರು. ಅದ್ಭುತ ಔಷಧಿ, ಬೆಲೆಯೂ ಹಾಗೇ. 2014ರ ಕೊನೆಗೆ ಅಹಮದಾಬಾದಿನ ಝೈಡಸ್ ಕಂಪನಿ ಇಂಥದ್ದೇ ಒಂದು ಬಯಾಲಜಿಕ್ ಆದ ಅಡಾಲಿಮುಮ್ಯಾಬ್‌ನ ದೇಸಿ ರೂಪ ಬಿಟ್ಟ ಮೇಲೆ ಸ್ವಲ್ಪ ಇಳಿಯಿತು.

ನಮ್ಮ ದೇಶದಲ್ಲಿ ದೊಡ್ಡ ಚಿಂತೆ ಟಿಬಿ. ಟಿಎನ್‌ಎಫ್ ತಡೆದರೆ ಒಳಗೆ ಮಲಗಿದ್ದ ಟಿಬಿ ಎದ್ದುಬಿಡಬಹುದು. ಅದಕ್ಕೇ ಮೊದಲು ಎದೆ ಎಕ್ಸ್‌ರೇ ಮತ್ತು ಟಿಬಿ ಪರೀಕ್ಷೆ. ಅಣ್ಣನಿಗೂ ಮಾಡಿಸಿರುತ್ತಾರೆ.

2013ರಲ್ಲಿ ಬಂದ ಒಂದು ಪರೀಕ್ಷೆಯನ್ನು ನಾನು ಎಲ್ಲರಿಗೂ ಹೇಳುತ್ತಿರುತ್ತೇನೆ. ಮೆಥೊಟ್ರೆಕ್ಸೇಟ್ ಸಾಲದ 353 ಜನ. ಅರ್ಧ ಜನಕ್ಕೆ ದುಬಾರಿ ಬಯಾಲಜಿಕ್ ಎಟನರ್ಸೆಪ್ಟ್ ಸೇರಿಸಿದರು, ಉಳಿದವರಿಗೆ ಸಲ್ಫಾಸಲಜೈನ್ ಮತ್ತು ಮಲೇರಿಯಾದ ಹೈಡ್ರಾಕ್ಸಿಕ್ಲೋರೋಕ್ವಿನ್, ಎರಡೂ ಅಗ್ಗದ ಹಳೇ ಮಾತ್ರೆಗಳು. ಸುಧಾರಿಸದವರನ್ನು ಆರು ತಿಂಗಳಿಗೆ ಆ ಕಡೆಯಿಂದ ಈ ಕಡೆಗೆ ಬದಲಿಸಿದರು. ವರ್ಷದ ಕೊನೆಗೆ ಅಗ್ಗದ ಗುಂಪು ಹಿಂದೆ ಬಿದ್ದಿರಲಿಲ್ಲ.

ಇದಕ್ಕಿಂತ ಮುಂಚೆ, 2004ರಲ್ಲಿ, ಗ್ಲಾಸ್ಗೋದಲ್ಲಿ 110 ಜನರ ಮೇಲೆ ಮಾಡಿದ್ದು ಇನ್ನೂ ಚೆಂದ. ಎರಡೂ ಗುಂಪಿಗೆ ಸಿಗುತ್ತಿದ್ದುದು ಮಾಮೂಲಿ ಔಷಧಿಗಳೇ. ಒಂದು ಗುಂಪನ್ನು ತಿಂಗಳಿಗೊಮ್ಮೆ ಕರೆದು, ಕೀಲು ಎಣಿಸಿ, ಅಂಕ ಇಳಿಯದಿದ್ದರೆ ಅವತ್ತೇ ಔಷಧಿ ಏರಿಸಿದರು. ಇನ್ನೊಂದು ಗುಂಪಿಗೆ ಮೂರು ತಿಂಗಳಿಗೊಮ್ಮೆ, ಯಾವಾಗಿನ ಹಾಗೆ. ಒಂದೂವರೆ ವರ್ಷಕ್ಕೆ ಮೊದಲ ಗುಂಪಿನಲ್ಲಿ 65% ಜನರ ಕಾಯಿಲೆ ಮಲಗಿತ್ತು, ಇನ್ನೊಂದರಲ್ಲಿ 16%. ಬಸ್ ಚಾರ್ಜ್ ಕೊಟ್ಟು ಪದೇ ಪದೇ ತೋರಿಸುವುದು ದಂಡ ಅಲ್ಲ ಅಂತ ಇದನ್ನು ನೋಡಿದ ಮೇಲೆ ನಾನು ರೋಗಿಗಳಿಗೆ ಧೈರ್ಯವಾಗಿ ಹೇಳುತ್ತೇನೆ.

ತಿಪಟೂರು_ಮಗಳು

ಎಲ್ಲರಿಗೂ ಥ್ಯಾಂಕ್ಸ್. ಸುಬ್ಬರಾವ್ ಕತೆ ಅಮ್ಮನಿಗೆ ಓದಿ ಹೇಳಿದೆ. ‘ನಮ್ಮವರು ಮಾಡಿದ್ದಾ?’ ಅಂತ ಕೇಳಿ ಡಬ್ಬಿ ಗೂಡಿನಿಂದ ಕೆಳಗಿಳಿಸಿದರು. ಇವತ್ತು ಭಾನುವಾರ. ಕ್ಯಾಲೆಂಡರಿಗೆ ಮೊದಲ ಬೊಟ್ಟು ಬಿತ್ತು.

ಇನ್ನೊಂದು ಪ್ರಶ್ನೆ. ನನಗೂ ಬರುತ್ತಾ?

ಕೀಲು_ಪಿಜಿ

ಸ್ವಲ್ಪ ಸಾಧ್ಯತೆ ಜಾಸ್ತಿ, ಆದರೆ ಹೆಚ್ಚಿನ ಮಕ್ಕಳಿಗೆ ಬರುವುದಿಲ್ಲ. ಸಿಗರೇಟಿನಿಂದ ದೂರ ಇರಿ, ಅದು ಸಾಬೀತಾದ ಕಾರಣ. ಕಾಯಿಲೆ ಬರುವ ಮೊದಲೇ ತಡೆಯುವ ಪ್ರಯತ್ನವೂ ನಡೆದಿದೆ. ಸಿಸಿಪಿ ಪಾಸಿಟಿವ್ ಇದ್ದು ಬರೀ ನೋವಿದ್ದ, ಊತ ಇನ್ನೂ ಬರದ 213 ಜನರ ಮೇಲೆ ಬ್ರಿಟನ್ ಮತ್ತು ನೆದರ್‌ಲೆಂಡ್ಸ್‌ನಲ್ಲಿ ಅಬಾಟಸೆಪ್ಟ್ ಎಂಬ ಇಂಜೆಕ್ಷನ್ ನೋಡಿದರು. ವರ್ಷದ ಕೊನೆಗೆ ಅದನ್ನು ತೆಗೆದುಕೊಂಡವರಲ್ಲಿ 6% ಜನರಿಗೆ ಕಾಯಿಲೆ ಬಂತು, ಖಾಲಿ ಇಂಜೆಕ್ಷನ್ ಗುಂಪಿನಲ್ಲಿ 29%. ಆದರೆ ನಿಲ್ಲಿಸಿ ಇನ್ನೊಂದು ವರ್ಷ ಕಳೆದಾಗ 25% ಮತ್ತು 37%. ಕಾಯಿಲೆಯನ್ನು ಮುಂದಕ್ಕೆ ತಳ್ಳಿತು, ಅಳಿಸಲಿಲ್ಲ. 2024ರಲ್ಲಿ ಬಂದ ಸುದ್ದಿ ಇದು. ನಿಮ್ಮ ಕೀಲು ಊದದೇ ಇರುವಾಗ ಸುಮ್ನೆ ಟೆಸ್ಟ್ ಮಾಡಿಸಿಕೊಂಡು ನಿದ್ದೆ ಕೆಡಿಸಿಕೊಳ್ಳಬೇಡಿ.

ತಿಪಟೂರು_ಮಗಳು

ಹದಿನಾಲ್ಕು ವಾರ ಆಯಿತು, ಹೇಳಿ ಹೋಗೋಣ ಅಂತ ಬಂದೆ. ಏಳನೇ ವಾರದವರೆಗೆ ಏನೂ ಇಲ್ಲ, ಅಮ್ಮ ದಿನಾ ನನ್ನನ್ನೇ ಬೈಯುತ್ತಿದ್ದರು. ಡಾಕ್ಟರು 15ಕ್ಕೆ ಏರಿಸಿದರು. ಈಗ ಬೆಳಗ್ಗೆ ಹಿಡಿತ ಕಾಲು ಗಂಟೆಯಲ್ಲಿ ಬಿಡುತ್ತದೆ. ಇಎಸ್‌ಆರ್ 24. ಸೋಮವಾರ ಹೊಟ್ಟೆ ತೊಳಸುವುದು ನಿಜ, ಅವತ್ತು ಗಂಜಿ ಮತ್ತು ನಿಂಬೆ ಉಪ್ಪಿನಕಾಯಿ. ಮುದ್ದೆ ಕೋಲು ಮಾತ್ರ ಅಪ್ಪ ಬಿಟ್ಟುಕೊಡುತ್ತಿಲ್ಲ, ಈಗ ಕೈ ಕುದುರಿದೆ ಅಂತಾರೆ. ಉಂಗುರ ಬೀರುವಿನಲ್ಲಿ ಎರಡು ತುಂಡಾಗಿಯೇ ಇದೆ. ಬೆಸೆಸೋಣ ಅಂದರೆ, ‘ತಡಿ, ಬೆರಳಿನ ಅಳತೆ ಒಂದು ಕಡೆ ನಿಲ್ಲಲಿ’ ಅಂದರು.

ಮಂಡ್ಯದ_ಆಲೆಮನೆ

ಡಾಕ್ಟರಿಗೆ ಒಂದು ಪ್ರಶ್ನೆ. ನಾದಿನಿಯ ಮುಖ ದುಂಡಗಾಗಿದೆ. ಹೋದ ವಾರ ಶುಗರ್ ಕೂಡ ಬಂದಿದೆ ಅಂದರು. ನಾಳೆಯಿಂದಲೇ ಪುಡಿ ನಿಲ್ಲಿಸಿಬಿಡಲಾ?

ಕೀಲು_ಪಿಜಿ

ಸಾರ್, ದಯವಿಟ್ಟು ಏಕದಂ ನಿಲ್ಲಿಸಬೇಡಿ. ಅದರಲ್ಲಿ ಸ್ಟೀರಾಯ್ಡ್ ಇದ್ದರೆ, ಇಷ್ಟು ದಿನದಲ್ಲಿ ಅವರ ದೇಹ ಸ್ವಂತದ್ದನ್ನು ತಯಾರಿಸುವುದನ್ನೇ ಬಿಟ್ಟಿರುತ್ತದೆ. ಒಮ್ಮೆಲೇ ನಿಲ್ಲಿಸಿದರೆ ಬಿಪಿ ಕುಸಿದು ಅಪಾಯ ಆಗಬಹುದು. ನಾಳೆಯೇ ಜಿಲ್ಲಾ ಆಸ್ಪತ್ರೆಗೋ ಮೆಡಿಕಲ್ ಕಾಲೇಜಿಗೋ ಕರೆದುಕೊಂಡು ಹೋಗಿ. ಪುಡಿ ಪೊಟ್ಟಣ ಜೊತೆಗಿರಲಿ, ಎಷ್ಟು ದಿನದಿಂದ ಅಂತ ಮುಚ್ಚಿಡದೆ ಹೇಳಿ. ಅವರು ಲೆಕ್ಕ ಹಾಕಿ ಮಾತ್ರೆಯಲ್ಲಿ ಕೊಟ್ಟು ನಿಧಾನವಾಗಿ ಇಳಿಸುತ್ತಾರೆ. ಅಲ್ಲಿಯವರೆಗೆ ವಾಂತಿ, ತಲೆಸುತ್ತು, ವಿಪರೀತ ಸುಸ್ತು ಕಂಡರೆ ರಾತ್ರಿಯಾದರೂ ಸರಿ, ಹೊರಡಿ.

ಮಂಡ್ಯದ_ಆಲೆಮನೆ

ಬೆಳಗ್ಗೆ ಆರೂವರೆ ಬಸ್ಸಿಗೆ ಹೊರಡುತ್ತೇವೆ. ಪೊಟ್ಟಣ ಅವಳ ಚೀಲಕ್ಕೆ ಹಾಕಿದ್ದೇನೆ. ವಿಳಾಸ ಕೊಡುತ್ತೇನೆ ಅಂತ ಮೇಲೆ ಬರೆದಿದ್ದೆನಲ್ಲ, ಅದನ್ನು ಅಳಿಸುವುದು ಹೇಗೆ?